ನಮ್ಮ ಹಜಾರದ ಜೋಡಿ ಸ್ಪೀಕರುಗಳ ಸನ್ನಿಧಾನಕ್ಕೆ

ಮಾನ್ಯ ಎಡಗಡೆಯವರೇ, ಮಾನ್ಯ ಬಲಗಡೆಯವರೇ,

ತಮ್ಮಿಬ್ಬರ ಪಾದಗಳಿಗೆ, ಎಂದರೆ ನಮ್ಮ ಹಜಾರದ ನೆಲದಲ್ಲಿ ತಲಾ ನಾಲ್ಕರಂತೆ ಗುಳಿ ಬೀಳಿಸಿರುವ ಆ ಚೂಪಾದ ಹಿತ್ತಾಳೆಯ ಮೊಳೆಗಳಿಗೆ, ಈ ಮನೆಯ ಸೊಸೆಯ ಸವಿನಯ ನಮಸ್ಕಾರಗಳು. ಎಡಗಡೆಯವರನ್ನು ಮೊದಲು ಕರೆದೆನೆಂದು ಬಲಗಡೆಯವರು ಮುನಿಸಿಕೊಳ್ಳಬಾರದೆಂದು ಕೋರುತ್ತೇನೆ. ತಾವಿಬ್ಬರೂ ಒಂದೇ ಎತ್ತರದ, ಒಂದೇ ತೂಕದ, ಒಂದೇ ಮರದ ಹಾಳೆ ಹೊದ್ದ ಅವಳಿಗಳೆಂದೂ ತಮ್ಮಲ್ಲಿ ಹಿರಿಯರು ಕಿರಿಯರು ಎಂಬ ಭೇದವಿಲ್ಲವೆಂದೂ ತಮ್ಮ ಜೊತೆ ಬಂದ ಕೈಪಿಡಿಯಲ್ಲಿ ಹಲವು ಭಾಷೆಗಳಲ್ಲಿ ಸಾರಿದ್ದಾರೆ. ಈ ಮನೆಯಲ್ಲಿ ಮನುಷ್ಯರಿಗೂ ಇಷ್ಟು ಸಮಾನತೆ ಸಿಕ್ಕಿದ್ದನ್ನು ನಾನು ಕಂಡಿಲ್ಲ. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ನಮ್ಮ ಯಜಮಾನರು ಪ್ರತಿದಿನ ಬೆಳಿಗ್ಗೆ ತಮ್ಮ ಮೈಯನ್ನು ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ, ಒರೆಸಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. ಇತ್ತ ನಾವೂ ಕ್ಷೇಮವೆಂದು ಬರೆಯುವುದು ರೂಢಿ. ಆದರೆ ಮುದ್ರಣಾಲಯದ ಕರಡು ತಿದ್ದಿ ತಿದ್ದಿ ತಲೆಗೂದಲು ಬೆಳ್ಳಗಾಗಿಸಿಕೊಂಡಿರುವ ನಾನು, ತಪ್ಪೆಂದು ಗೊತ್ತಿರುವ ವಾಕ್ಯವನ್ನು ಹಾಗೇ ಬಿಟ್ಟು ಮುಂದೆ ಹೋಗಲಾರೆ.

ಇದನ್ನು ಬಹಿರಂಗ ಪತ್ರವಾಗಿ ಬರೆಯುತ್ತಿರುವುದಕ್ಕೂ ಕಾರಣವುಂಟು. ತಾವು ಹೇಳುವುದಕ್ಕೆಂದೇ ಹುಟ್ಟಿದವರು, ಕೇಳುವುದಕ್ಕಲ್ಲ. ಎದೆಯುದ್ದಕ್ಕೂ ತಮಗಿರುವುದು ಬಾಯಿಗಳೇ ಹೊರತು ಕಿವಿಯೆಂಬುದು ಒಂದೂ ಕಾಣದು. ಇಂಥ ಅಂಗರಚನೆಯ ದೊಡ್ಡವರನ್ನು ನಾನು ಕಚೇರಿಗಳಲ್ಲೂ ಸಭೆಗಳಲ್ಲೂ ಬೇಕಾದಷ್ಟು ಕಂಡಿದ್ದೇನೆ, ಮತ್ತು ಅಂಥವರಿಗೆ ಏನಾದರೂ ತಿಳಿಸಬೇಕಾದರೆ ಊರಿಗೆಲ್ಲ ಕೇಳುವಂತೆ ತಿಳಿಸುವುದೊಂದೇ ದಾರಿ ಎಂದು ಅನುಭವದಿಂದ ಕಲಿತಿದ್ದೇನೆ.

ತಾವು ದಯಮಾಡಿಸುವ ಮೊದಲು ಈ ಹಜಾರದಲ್ಲಿ ಒಂದು ಆಂಪ್ಲಿಫೈಯರ್ ಇತ್ತು. ಈಗಲೂ ಇದೆ, ತಮ್ಮ ಸೇವೆಯಲ್ಲಿ ಏದುಸಿರು ಬಿಡುತ್ತಾ. ಅದು ನಮ್ಮ ಮಾವನವರ ಆಸ್ತಿ. ಮಾವನವರು ನೃತ್ಯಶಾಲೆಗಳಲ್ಲಿ ನುಡಿಸುತ್ತಿದ್ದ ಒಂದು ವಾದ್ಯವೃಂದದ ಹಿಂದಿನ ಸಾಲಿನಲ್ಲಿ ನಿಂತು, ಆಳಿಗಿಂತ ಎತ್ತರವಾದ ಡಬಲ್ ಬೇಸ್ ಎಂಬ ತಗ್ಗಿನ ಸ್ವರದ ದೈತ್ಯ ಪಿಟೀಲನ್ನು ಕಮಾನಿನಿಂದ ಉಜ್ಜಿ ಸಂಸಾರ ಸಾಗಿಸಿದವರು. ವೃಂದ ಮುಚ್ಚಿಹೋದ ದಿನ ಬಾಕಿಯವರೆಲ್ಲ ಕುರ್ಚಿ, ಪರದೆ, ಗೋಡೆಯ ಗಡಿಯಾರ ಎಂದು ಕೈಗೆ ಸಿಕ್ಕಿದ್ದನ್ನು ಮನೆಗೆ ಸಾಗಿಸಿದರೆ ಇವರು ಆಂಪ್ಲಿಫೈಯರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಮೂವತ್ತು ವ್ಯಾಟಿನ ಸಾಧು ಯಂತ್ರ. ಜೋರಾಗಿ ಮಾತಾಡಿದ ಜೀವವಲ್ಲ, ಯಾರ ಮೇಲೂ ಬಿಸಿಯಾದ ಜೀವವಲ್ಲ. ಅದಕ್ಕೆ ಜೊತೆಯಾಗಿ ಚಪ್ಪಲಿಯ ಡಬ್ಬಿಯಷ್ಟು ದೊಡ್ಡ ಎರಡು ಸ್ಪೀಕರುಗಳು ಪುಸ್ತಕದ ಕಪಾಟಿನ ಮೇಲಿದ್ದವು.

ಆ ಡಬ್ಬಿಗಳಲ್ಲಿ ಒಂದೇ ಒಂದು ದೋಷವಿತ್ತು. ತಗ್ಗಿನ ಸ್ವರ ಹೊರಡಿಸಲು ದೊಡ್ಡ ಹೊಟ್ಟೆ ಬೇಕು. ಅವಕ್ಕೆ ಹೊಟ್ಟೆಯೇ ಇರಲಿಲ್ಲ. ಹೀಗಾಗಿ ಮಾವನವರ ವೃಂದ ಹೊರತಂದ ಏಕೈಕ ರೆಕಾರ್ಡನ್ನು ಹಾಕಿದಾಗಲೆಲ್ಲ ತುತ್ತೂರಿಯವರು ಕೇಳಿಸುತ್ತಿದ್ದರು, ಪಿಯಾನೋದವರು ಕೇಳಿಸುತ್ತಿದ್ದರು, ತಾಳ ತಟ್ಟುವವರು ಗಂಟಲು ಸರಿಮಾಡಿಕೊಂಡದ್ದೂ ಕೇಳುತ್ತಿತ್ತು. ಮಾವನವರು ಮಾತ್ರ ಇರುತ್ತಿರಲಿಲ್ಲ. ಇದು ನಮ್ಮ ಅತ್ತೆಯವರಿಗೆ ಸಂಸಾರದುದ್ದಕ್ಕೂ ಒದಗಿಬಂದ ಸಂತೋಷವಾಗಿತ್ತು. "ಅಷ್ಟು ದೊಡ್ಡ ಗಂಟು ಹೊತ್ಕೊಂಡು ದಿನಾ ಸಂಜೆ ಎಲ್ಲಿಗೆ ಹೋಗ್ತಿದ್ರೋ ಏನೋ, ಹಾಡಿನ ಪ್ಲೇಟಲ್ಲಂತೂ ಇಲ್ಲ" ಎಂದು ಅವರು ಬಂದ ನೆಂಟರ ಮುಂದೆ ಹೇಳುವರು. "ನಾನು ನಿಲ್ಲಿಸಿದ್ದಿದ್ರೆ ಆಗ ಗೊತ್ತಾಗ್ತಿತ್ತು ನಾನಿದ್ದೆ ಅಂತ" ಎಂದು ಮಾವನವರು ಪತ್ರಿಕೆಯಿಂದ ತಲೆಯೆತ್ತದೆ ಉತ್ತರಿಸುವರು. ಈ ಎರಡು ಮಾತುಗಳ ಮೇಲೆ ನಮ್ಮ ಮನೆ ಹಲವು ವರ್ಷ ಸುಸೂತ್ರವಾಗಿ ನಡೆಯಿತು.

ಅನಂತರ ಅತ್ತೆಯವರ ಕಿವಿ ಮಂದವಾಯಿತು. ಕಿವಿಯ ಡಾಕ್ಟರು ಒಂದು ಗೀಟೆಳೆದ ಚಿತ್ರ ತೋರಿಸಿ, ತೆಳುವಾದ ಮೇಲಿನ ಸದ್ದುಗಳೆಲ್ಲ ಹೋಗಿವೆ, ದಪ್ಪನೆಯ ಕೆಳಗಿನ ಸದ್ದುಗಳು ಉಳಿದಿವೆ ಎಂದರು. ಕಿವಿಗೆ ಹಾಕುವ ಯಂತ್ರವನ್ನೂ ಕೊಟ್ಟರು. ಅತ್ತೆಯವರು ಅದನ್ನು ಒಂದು ವಾರ ಹಾಕಿಕೊಂಡು, "ನಿನ್ನ ಪಾತ್ರೆ ಸದ್ದು ಕೇಳೋಕೆ ನಾನು ಇಷ್ಟೊಂದು ಒದ್ದಾಡ್ಬೇಕಾ" ಎಂದು ನನ್ನನ್ನು ಕೇಳಿ, ಕರವಸ್ತ್ರದಲ್ಲಿ ಸುತ್ತಿ ಮೇಜಿನ ಡ್ರಾಯರಿನಲ್ಲಿಟ್ಟರು. ಕೇಳಿಸದ್ದಕ್ಕೆ ಅವರು ಅಳಲಿಲ್ಲ, ದೂರಲಿಲ್ಲ. ಕುಟುಕುವುದನ್ನು ನಿಲ್ಲಿಸಿಬಿಟ್ಟರು. ಕುಟುಕಿದವರಿಗೆ ಎದುರುತ್ತರ ಕೇಳಿಸದಿದ್ದರೆ ಕುಟುಕಿ ಏನು ಸುಖ? ಹಜಾರದ ಮೂಲೆಗೆ ತಮ್ಮ ಕುರ್ಚಿಯನ್ನು ಎಳೆದುಕೊಂಡು ಕಿಟಕಿಯತ್ತ ಮುಖ ಮಾಡಿ ಕುಳಿತರು. ಮಾವನವರು ಪತ್ರಿಕೆಯ ಒಂದೇ ಪುಟವನ್ನು ಮಧ್ಯಾಹ್ನದವರೆಗೆ ಓದತೊಡಗಿದರು. ಮದುವೆಯಾಗಿ ಬಂದಂದಿನಿಂದ ಈ ಮನೆಯಲ್ಲಿ ಸ್ವಲ್ಪ ಶಾಂತಿ ಸಿಗಲೆಂದು ಹಂಬಲಿಸಿದ್ದವಳು ನಾನು; ಸಿಕ್ಕಿದ ಮೇಲೆ ಅದು ಎಂಥ ಕೆಟ್ಟ ಪದಾರ್ಥವೆಂದು ತಿಳಿಯಿತು.

ತಮ್ಮನ್ನು ಬರಮಾಡಿಕೊಂಡದ್ದು ಈ ಕಾರಣಕ್ಕೆ. ಅತ್ತೆಯವರಿಗೆ ಉಳಿದಿರುವುದು ತಗ್ಗಿನ ಸದ್ದು. ಮಾವನವರು ನುಡಿಸಿದ್ದೂ ತಗ್ಗಿನ ಸದ್ದು. ಹಾಗಿದ್ದ ಮೇಲೆ ದೊಡ್ಡ ಹೊಟ್ಟೆಯ ಸ್ಪೀಕರುಗಳು ಬಂದರೆ ಅಷ್ಟಾದರೂ ಅವರಿಗೆ ಕೇಳೀತು ಎಂಬ ಆಸೆಯನ್ನು ಒಂದು ಊಟದ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಿದವಳು ನಾನೇ. ಹೇಳಿ ಮುಗಿಸುವುದರೊಳಗೆ ಯಜಮಾನರ ಕಣ್ಣಿನಲ್ಲಿ ಕಂಡ ಹೊಳಪನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವರು ಕನ್ನಡಕದ ಅಂಗಡಿಯವರು. ಗಾಜಿನ ಮೇಲೆ ಗಾಜಿಟ್ಟು "ಇದು ಚೆನ್ನಾಗಿದೆಯೋ, ಅದು ಚೆನ್ನಾಗಿತ್ತೋ" ಎಂದು ದಿನವಿಡೀ ಊರವರನ್ನು ಕೇಳುವವರಿಗೆ ತಾವೇ ಆ ಪ್ರಶ್ನೆಗೆ ಸಿಕ್ಕಿಬೀಳುವ ಸುಖ ಜೀವನದಲ್ಲಿ ಮೊದಲ ಬಾರಿ ಒದಗಿತ್ತು.

ತಮ್ಮ ಕುಲದವರನ್ನು ಹೊಗಳುವ ಪತ್ರಿಕೆಗಳು ಮನೆಗೆ ಬರತೊಡಗಿದವು. ಓದುವ ಚಟದವಳಾದ್ದರಿಂದ ನಾನೂ ಓದಿದೆ. ಒಬ್ಬರ ಧ್ವನಿ ಮಖಮಲ್ಲಿನಂತಿತ್ತು, ಇನ್ನೊಬ್ಬರದು ಬೆಣ್ಣೆಯಲ್ಲಿ ಬಿಸಿ ಚಾಕು ಇಳಿದಂತಿತ್ತು, ಮತ್ತೊಬ್ಬರ ಮೇಲ್ಸ್ವರಗಳಲ್ಲಿ ಗಾಳಿ ಚೆನ್ನಾಗಿ ಆಡುತ್ತಿತ್ತು. ಮೂರನೆಯ ಸಂಚಿಕೆಯ ಹೊತ್ತಿಗೆ ಇವರು ಮಾತಾಡುತ್ತಿರುವುದು ಬಟ್ಟೆಯ ಬಗ್ಗೆಯೋ ತಿಂಡಿಯ ಬಗ್ಗೆಯೋ ಬಾಡಿಗೆ ಮನೆಯ ಬಗ್ಗೆಯೋ ಎಂದು ನನಗೆ ಅನುಮಾನ ಬಂತು. ಆ ಪತ್ರಿಕೆಗಳಲ್ಲಿ ಎಲ್ಲವನ್ನೂ ಕೊಂಡಾಡಿ ಕೊನೆಯಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ, ತಮ್ಮ ಆಂಪ್ಲಿಫೈಯರಿಗೂ ಕೋಣೆಗೂ ಹೊಂದುವುದೇ ಎಂದು ನೋಡಿಕೊಳ್ಳತಕ್ಕದ್ದು ಎಂದು ಬರೆದಿರುತ್ತಾರೆ. ಹಡಗು ಮಾರಿ, ಕಡಲನ್ನು ತಾವೇ ಹುಡುಕಿಕೊಳ್ಳತಕ್ಕದ್ದು ಎಂದಂತೆ.

ಯಜಮಾನರು ಸ್ಪೀಕರು ಮಾರುವ ಅಂಗಡಿಯ ಸಲಹೆಗಾರರಿಗೆ ಫೋನ್ ಮಾಡಿದರು. ಈ ಸಲಹೆಗಾರರನ್ನು ತಾವು ಬಲ್ಲಿರಿ: ಕೋಣೆಯೊಳಗೆ ಕಾಲಿಟ್ಟೊಡನೆ ಒಮ್ಮೆ ಚಪ್ಪಾಳೆ ತಟ್ಟಿ, ಅದರ ಮಾರ್ದನಿಗೆ ತಲೆ ಓರೆಮಾಡಿ, ರೋಗಿಯ ಮನೆಯವರನ್ನು ನೋಡುವ ವೈದ್ಯರಂತೆ ನಮ್ಮನ್ನು ನೋಡುವವರು. ಅವರು ಫೋನಿನಲ್ಲಿ ಹೇಳಿದ್ದಿಷ್ಟು: "ನಿಮ್ಮ ಆಂಪ್ಲಿಫೈಯರ್ ತನ್ನಿ ಸಾರ್. ಆದ್ರೆ ನಿಮ್ಮ ರೂಮಿಲ್ಲದೆ ಕೇಳಿದ್ರೆ ಅದು ಕೇಳಿದ ಹಾಗಲ್ಲ. ಸೋಫಾ, ಪರದೆ, ಪುಸ್ತಕ, ಕೂತಿರೋ ಜನ, ಎಲ್ಲಾ ಸದ್ದನ್ನು ಹೀರ್ಕೊಳ್ಳುತ್ತೆ." ಬೇರೆ ಯಾರಾದರೂ ಆಗಿದ್ದರೆ ಇದನ್ನು ಒಂದು ವಿಷಾದದ ಮಾತೆಂದು ಕೇಳಿ ಫೋನ್ ಇಡುತ್ತಿದ್ದರು. ನಮ್ಮವರು ಸಾಮಾನಿನ ಗಾಡಿ ಗೊತ್ತು ಮಾಡಿದರು.

ಆ ಭಾನುವಾರ ನಮ್ಮ ಹಜಾರ ತಮ್ಮ ಅಂಗಡಿಗೆ ಬಂದಿಳಿದ ಮೆರವಣಿಗೆಯನ್ನು ತಾವು ಗಾಜಿನ ಬಾಗಿಲಿನಾಚೆಯಿಂದ ನೋಡಿದ್ದೀರಿ. ಸೋಫಾ, ಎರಡು ದಿಂಬು, ಕಿಟಕಿಯ ಪರದೆಗಳು ಕಂಬಿಯ ಸಮೇತ, ಸುತ್ತಿದ ಜಮಖಾನೆ, ಕಪಾಟಿನ ಎರಡು ಅರೆಯಷ್ಟು ಪುಸ್ತಕಗಳು (ಯಾವ ಎರಡು ಅರೆ ಎಂಬ ಬಗ್ಗೆ ನನಗೂ ಯಜಮಾನರಿಗೂ ನಡೆದ ಚರ್ಚೆಯಲ್ಲಿ ನಿಘಂಟುಗಳು ಹೆಚ್ಚು ಹೀರುತ್ತವೆಂದು ಒಪ್ಪಂದವಾಯಿತು), ಅತ್ತೆಯವರು, ಅತ್ತೆಯವರ ಕುರ್ಚಿ, ಮಡಿಲಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡ ಮಾವನವರು. ಅಂಗಡಿಯ ನೆಲದ ಮೇಲೆ ಯಜಮಾನರು ಬಿಳಿಯ ಟೇಪಿನಿಂದ ನಮ್ಮ ಹಜಾರದ ಅಳತೆಯ ಚೌಕ ಎಳೆದು, ಅದರೊಳಗೆ ಎಲ್ಲವನ್ನೂ ಮನೆಯಲ್ಲಿದ್ದ ಜಾಗದಲ್ಲೇ ಇರಿಸಿದರು. ಬಾಗಿಲಿನ ಜಾಗ ಬಿಟ್ಟು ಬೇರೆಲ್ಲೂ ಟೇಪು ದಾಟಬಾರದೆಂದು ನಮಗೆಲ್ಲ ತಾಕೀತಾಯಿತು. ಹೆಡ್‌ಫೋನ್ ಕೊಳ್ಳಲು ಬಂದಿದ್ದ ಒಬ್ಬ ಹೆಂಗಸು ಯಾರೋ ಮನೆ ಕಳೆದುಕೊಂಡವರೆಂದು ತಿಳಿದು ಅತ್ತೆಯವರ ಕೈ ಹಿಡಿದು ಸಮಾಧಾನ ಹೇಳಿ ಹೋದರು. ಸಲಹೆಗಾರರು ಮಾತ್ರ ಟೇಪಿನ ಹೊರಗೇ ಒಂದು ಸುತ್ತು ಬಂದು, "ಇಷ್ಟೆಲ್ಲಾ ತಂದಿದ್ದೀರಿ ಸಾರ್, ಗೋಡೆ?" ಎಂದರು.

ಗೋಡೆಗಳನ್ನು ನಾವು ಮನೆಯಲ್ಲೇ ಬಿಟ್ಟು ಬಂದಿದ್ದೆವು.

ತಗ್ಗಿನ ಸ್ವರಕ್ಕೆ ದಿಂಬು, ಜಮಖಾನೆಗಳು ಲೆಕ್ಕಕ್ಕೇ ಇಲ್ಲವೆಂದೂ, ಅದು ಗೋಡೆಯಿಂದ ಗೋಡೆಗೆ ಪುಟಿದು ಕೋಣೆಯಲ್ಲಿ ಒಂದು ಕಡೆ ಗುಡ್ಡೆಯಾಗಿ ಬಿದ್ದು ಇನ್ನೊಂದು ಕಡೆ ಪೂರಾ ಮಾಯವಾಗುತ್ತದೆಂದೂ ಆಗ ತಿಳಿಯಿತು. ಆ ವಿಶಾಲ ಅಂಗಡಿಯಲ್ಲಿ ತಾವಿಬ್ಬರೂ ಅಚ್ಚುಕಟ್ಟಾಗಿ ಹಾಡಿದಿರಿ. ಯಜಮಾನರ ಕಣ್ಣಲ್ಲಿ ನೀರು ಬಂತು. ಮಾವನವರ ರೆಕಾರ್ಡು ಮುಗಿದು ಸೂಜಿ ಎತ್ತಿದ ಮೇಲೆ ಅತ್ತೆಯವರು ನನ್ನ ಸೆರಗು ಎಳೆದು, "ಶುರು ಮಾಡೋಕೆ ಹೇಳಮ್ಮ, ಎಷ್ಟು ಹೊತ್ತು ಕಾಯೋದು" ಎಂದರು. ಮಾವನವರು ಪರದೆಯ ಕಂಬಿಯನ್ನು ಸರಿಪಡಿಸುವವರಂತೆ ಅತ್ತ ತಿರುಗಿದರು. ಆ ಕ್ಷಣದಲ್ಲಿ ನಾವು ತಮಗೆ ಕೈಮುಗಿದು ಹೊರಡಬೇಕಾಗಿತ್ತು. ಆದರೆ ಯಜಮಾನರು ಅದಾಗಲೇ ತಮ್ಮ ವಶವಾಗಿದ್ದರು. ಮನೆಯ ಗೋಡೆಗಳ ನಡುವೆ ಎಲ್ಲ ಸರಿಹೋಗುತ್ತದೆಂದೂ ಸರಿಹೋಗದಿದ್ದರೆ ಒಂದು ತಿಂಗಳೊಳಗೆ ಹಿಂದಿರುಗಿಸಬಹುದೆಂದೂ ಮಾತಾಯಿತು. ಆಂಪ್ಲಿಫೈಯರಿಗೆ ಹೊಂದುತ್ತವೆಯೇ ಎಂದು ನಾನು ಕೇಳಿದೆ. ವಿದ್ಯುತ್ತಿಗೆ ಎಂಟು ಓಮಿನ ತಡೆಯ ಬದಲು ನಾಲ್ಕೇ ಓಮಿನ ತಡೆಯೊಡ್ಡುವವರಾದ ತಾವು ಅದರಿಂದ ವಿದ್ಯುತ್ತನ್ನು ಎರಡರಷ್ಟು ಹೀರುವಿರೆಂದು ಆ ಪತ್ರಿಕೆಗಳಲ್ಲೇ ಓದಿದ್ದೆ. "ಹೊಂದ್ಕೊಳ್ಳುತ್ತೆ ಮೇಡಂ. ಹೊಸದರಲ್ಲಿ ಯಾರಿಗಾದರೂ ಸ್ವಲ್ಪ ಕಷ್ಟವೇ" ಎಂದರು ಸಲಹೆಗಾರರು. ಈ ಮಾತನ್ನು ನನಗೆ ಮೊದಲ ಬಾರಿ ಹೇಳಿದವರು ನನ್ನ ಮದುವೆಯಲ್ಲಿ ಊಟಕ್ಕೆ ಬಂದಿದ್ದ ಒಬ್ಬ ದೂರದ ಚಿಕ್ಕಪ್ಪ.

ಮನೆಗೆ ಬಂದ ಮೇಲೆ ತಮ್ಮ ಘನತೆ ಬೆಳೆದ ಬಗೆಯನ್ನು ವರ್ಣಿಸಲು ನನಗೆ ಪದಗಳು ಸಾಲವು. ತಮ್ಮ ಬೆನ್ನಿನಲ್ಲಿ ಉಸಿರಾಟಕ್ಕೊಂದು ದುಂಡನೆಯ ರಂಧ್ರವಿರುವ ಕಾರಣ ಹಿಂದಿನ ಗೋಡೆ ತಮ್ಮಿಂದ ದೂರವಿರಬೇಕು, ಪಕ್ಕದ ಗೋಡೆ ಇನ್ನೂ ದೂರವಿರಬೇಕು ಎಂದು ಆಜ್ಞೆಯಾಯಿತು. ಗೋಡೆಗಳು ಸರಿಯಲು ಒಪ್ಪದ್ದರಿಂದ ತಾವೇ ಮುಂದೆ ಬಂದು ಹಜಾರದ ನಟ್ಟನಡುವೆ ನಿಂತಿರಿ. ನಾವು ಮನೆಯವರು ತಮ್ಮ ಬೆನ್ನ ಹಿಂದೆ, ನಾಟಕದ ಪರದೆಯ ಹಿಂದೆ ಓಡಾಡುವ ಕೆಲಸದವರಂತೆ, ಅಡ್ಡಡ್ಡವಾಗಿ ನಡೆದು ಬಾಳತೊಡಗಿದೆವು. ಮಾವನವರು ಬಲಗಡೆಯವರಿಗೆ ಭುಜ ತಾಗಿಸಿ, ಮನುಷ್ಯರೆಂದು ಭಾವಿಸಿ, ಕ್ಷಮೆ ಕೇಳಿದ್ದನ್ನು ನಾನು ಕಣ್ಣಾರೆ ಕಂಡೆ. ಇದರ ಮೇಲೆ ತಾವಿಬ್ಬರೂ ಕೇಳುವವರೂ ಸೇರಿ ಸಮಬಾಹು ತ್ರಿಕೋನವಾಗಬೇಕೆಂಬ ಶಾಸ್ತ್ರ ಬಂತು. ಯಜಮಾನರು ದಾರ ಹಿಡಿದು ಅಳೆದರು. ತ್ರಿಕೋನದ ಮೂರನೆಯ ಮೂಲೆ ಅಡುಗೆಮನೆಯ ಹೊಸ್ತಿಲಿಗೆ ಬಂದು ಬಿತ್ತು.

ಹೀಗಾಗಿ ಜಗತ್ತಿನ ಅತ್ಯುತ್ತಮ ಸಂಗೀತವನ್ನು ಅತ್ಯುತ್ತಮವಾಗಿ ಕೇಳುವ ಏಕೈಕ ಸ್ಥಳದಲ್ಲಿ, ಕೈಯಲ್ಲಿ ಸೌಟು ಹಿಡಿದು, ನಾನು ನಿಂತಿದ್ದೆ. ತಮಗೆ ಸಲ್ಲಬೇಕಾದ ಹೊಗಳಿಕೆಯನ್ನು ಸಲ್ಲಿಸಿಬಿಡುತ್ತೇನೆ: ಆ ಹೊಸ್ತಿಲಲ್ಲಿ ಕೇಳಿದ್ದನ್ನು ನಾನು ಅದುವರೆಗೆ ಎಲ್ಲೂ ಕೇಳಿರಲಿಲ್ಲ. ಪಿಟೀಲಿನವರು ಸ್ವರ ಹಿಡಿಯುವ ಮೊದಲು ಎಳೆದುಕೊಳ್ಳುವ ಉಸಿರು, ಹಾಡುವವಳು ಬಾಯಿ ತೆರೆಯುವಾಗ ತುಟಿ ಬಿಡುವ ಸದ್ದು, ಎರಡು ವಾದ್ಯಗಳ ನಡುವೆ ಇರುವ ಖಾಲಿ ಜಾಗ. ಸೋಫಾದಲ್ಲಿ ಕುಳಿತ ಯಜಮಾನರಿಗೆ ಇದರಲ್ಲಿ ಅರ್ಧವೂ ಸಿಗುತ್ತಿರಲಿಲ್ಲ. ಅವರು ದಿನಕ್ಕೆ ನಾಲ್ಕು ಸಲ ನೀರು ಕುಡಿಯುವ ನೆಪದಲ್ಲಿ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ನಿಲ್ಲುತ್ತಿದ್ದರು. ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಯಾರೂ ತಮ್ಮ ಹೆಸರು ಹೇಳಲಿಲ್ಲ, ನನ್ನ ಹೆಸರು ಹೇಳಿದರು.

ಆದರೆ ಅತ್ತೆಯವರ ಮೂಲೆಗೆ ತಾವೇನು ಕೊಟ್ಟಿರಿ? ಏನೂ ಇಲ್ಲ. ಮಾವನವರ ರೆಕಾರ್ಡನ್ನು ಹಾಕಿದಾಗ ಯಜಮಾನರು ತಿರುಗಣೆಯನ್ನು ಸ್ವಲ್ಪ ಸ್ವಲ್ಪವೇ ಏರಿಸುವರು. ಮಾವನವರು ಪತ್ರಿಕೆ ಮಡಿಚಿ ಅತ್ತೆಯವರ ಮುಖ ನೋಡುವರು. ಅತ್ತೆಯವರು ಕಿಟಕಿ ನೋಡುವರು. ಇನ್ನೂ ಏರಿಸಿದರೆ ಆಂಪ್ಲಿಫೈಯರಿನ ನೆತ್ತಿ ಕಾದು, ಟಪ್ಪೆಂದು ಸದ್ದು ಮಾಡಿ, ತನ್ನಷ್ಟಕ್ಕೆ ತಾನೇ ಆರಿಹೋಗುವುದು. ತಮ್ಮಂಥ ಎರಡು ಬಾಯಿಗೆ ಉಣಬಡಿಸಿ ಬಡಿಸಿ ಅದು ಸೋತುಹೋಗಿತ್ತು. ಹಾಗೆ ಆರಿದಾಗಲೆಲ್ಲ ಮಾವನವರು ಎದ್ದು ಹೋಗಿ ಅದರ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು, ಜ್ವರ ನೋಡುವವರಂತೆ. ಮೂರನೆಯ ವಾರದಲ್ಲಿ ಅವರು, "ಸಾಕು ಬಿಡಪ್ಪಾ, ಪಾಪ ಅದಕ್ಕೂ ವಯಸ್ಸಾಯ್ತು" ಎಂದು ರೆಕಾರ್ಡನ್ನು ತೆಗೆದು ಚೀಲದೊಳಗೆ ಹಾಕಿದರು. ಹೇಳಿದ್ದು ಆಂಪ್ಲಿಫೈಯರಿನ ಬಗ್ಗೆ ಎಂದು ಯಜಮಾನರು ತಿಳಿದರು.

ಇನ್ನು ಸಲಹೆಗಾರರನ್ನೇ ಕರೆಸಬೇಕೆಂದಾಯಿತು. ಅವರು ಬಂದರು, ಚಪ್ಪಾಳೆ ತಟ್ಟಿದರು, ಮೂಲೆಯಲ್ಲಿ ಕುಳಿತಿದ್ದ ಅತ್ತೆಯವರ ತಲೆಯ ಮೇಲೆ ಇನ್ನೊಮ್ಮೆ ತಟ್ಟಿದರು. ಸದ್ದು ಕೇಳದಿದ್ದರೂ ಗಾಳಿ ತಾಗಿ ಅತ್ತೆಯವರು ತಲೆಯೆತ್ತಿ, "ಸೊಳ್ಳೆನಾ?" ಎಂದರು. ರೋಗವೆಲ್ಲ ಇರುವುದು ಆ ಮೂಲೆಯಲ್ಲೇ ಎಂದು ತೀರ್ಪಾಯಿತು. ತಗ್ಗಿನ ಸ್ವರಗಳು, ಅದರಲ್ಲೂ ತಾವು ಗೋಡೆಗೆ ಹತ್ತಿರವಾದಷ್ಟೂ, ಅಲ್ಲಿ ಬಂದು ಗುಡ್ಡೆ ಬೀಳುತ್ತವೆ, ಅಲ್ಲಿಂದ ಇಡೀ ಕೋಣೆಯನ್ನು ಕೆಡಿಸುತ್ತವೆ. ಆದ್ದರಿಂದ ಕುರ್ಚಿಯನ್ನು ಒಳಕೋಣೆಗೆ ಸಾಗಿಸಿ, ಮೂಲೆಯಲ್ಲಿ ನೆಲದಿಂದ ಸೂರಿನವರೆಗೆ ಸ್ಪಂಜಿನ ಕಂಬ ನಿಲ್ಲಿಸಬೇಕು. ಇದು ಎಂಥ ಅಪಾಯಕಾರಿ ಮೂಲೆಯೆಂದು ನಮಗೆ ಮನವರಿಕೆ ಮಾಡಿಕೊಡಲು ಅವರು ಯಜಮಾನರನ್ನು ಕರೆದು, ಇಬ್ಬರೂ ಸೇರಿ ತಮ್ಮನ್ನು ಒಬ್ಬೊಬ್ಬರನ್ನಾಗಿ ಅಪ್ಪಿಕೊಂಡು, ಹಿಂದೆ ಹಿಂದೆ ನಡೆಸಿ, ಗೋಡೆಗೆ ಒತ್ತಿ ನಿಲ್ಲಿಸಿದರು. ಎಡಗಡೆಯವರು ಅತ್ತೆಯವರ ಕುರ್ಚಿಗೆ ತಾಗಿಕೊಂಡೇ ನಿಂತಿರಿ. "ಎಷ್ಟು ಕೆಡಬಹುದು ಅಂತ ಒಂದ್ಸಲ ಕೇಳಿಬಿಡಿ ಸಾರ್" ಎಂದು ಸಲಹೆಗಾರರು ಕೈಗೆ ಸಿಕ್ಕ ರೆಕಾರ್ಡನ್ನು ಚೀಲದಿಂದ ತೆಗೆದು ಹಾಕಿದರು.

ಅದು ಮಾವನವರ ವೃಂದದ ಒಂದು ಕುಣಿತದ ಹಾಡು. ನಡುವೆ ಒಂದು ಕಡೆ ಇಡೀ ವೃಂದ ಗಕ್ಕನೆ ನಿಲ್ಲುತ್ತದೆ. ಕುಣಿಯುವವರು ಒಂದು ಕಾಲೆತ್ತಿ ಹಾಗೇ ನಿಲ್ಲುತ್ತಾರೆ. ಒಂದು ಕ್ಷಣದ ಮೌನವಾಗಿ ಮತ್ತೆ ಎಲ್ಲರೂ ಒಟ್ಟಿಗೆ ಹಿಡಿಯುತ್ತಾರೆ. ನನಗೆ ಹೊಸ್ತಿಲಲ್ಲಿ ಕೇಳಿದ್ದು ಬೆಲ್ಲದ ಪಾಕದಲ್ಲಿ ಬಿದ್ದ ವಾದ್ಯವೃಂದ. ಯಜಮಾನರು ಹಲ್ಲು ಕಚ್ಚಿ ಕಣ್ಣು ಮುಚ್ಚಿದ್ದರು. ಆಗ ಅತ್ತೆಯವರು ಕಿಟಕಿಯಿಂದ ಮುಖ ತಿರುಗಿಸಿದರು. ಎಡಗಡೆಯವರ ನೆತ್ತಿಯ ಮೇಲೆ ಅಂಗೈ ಇಟ್ಟರು. ಕಾಲಿನ ಹೆಬ್ಬೆರಳು ತಾಳ ಹಾಕತೊಡಗಿತು. ಮೌನದ ಜಾಗ ಬಂದು ಹೋಯಿತು, ಅವರು ಮಾವನವರನ್ನು ದುರುಗುಟ್ಟಿ ನೋಡಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು: "ರೀ, ಎಲ್ಲರೂ ನಿಲ್ಲೋ ಕಡೆ ನೀವೊಬ್ಬರೇ ಗುಂಯ್ ಅಂದಿರಲ್ರೀ."

ಮಾವನವರು ಪತ್ರಿಕೆಯನ್ನು ಕೆಳಗಿಟ್ಟು, "ನಾನಲ್ಲ, ಪಕ್ಕದವನು" ಎಂದರು. ಅತ್ತೆಯವರು ಅವರ ತುಟಿ ನೋಡಿ ಓದಿಕೊಂಡು, "ಪಕ್ಕದವನು ಯಾರು, ಕಂಬಾನಾ? ಇದ್ದಿದ್ದೇ ನೀವೊಬ್ಬರು" ಎಂದರು. ಮತ್ತೆ ಹಾಕಿಸಿದರು. ನಾವೆಲ್ಲ ಆ ಮೂಲೆಗೆ ಹೋಗಿ ಕುರ್ಚಿಯ ಸುತ್ತ ಬಗ್ಗಿ ನಿಂತೆವು. ವೃಂದ ನಿಂತಿತು, ಆ ಮೌನದೊಳಗೆ ಒಂದೇ ಒಂದು ಕಮಾನು, ತಡೆಯಲಾರದೆ ನಡೆದುಬಂದ ದೊಡ್ಡ ಎತ್ತಿನಂತೆ, ಒಂದು ಹೆಜ್ಜೆ ಮುಂದಕ್ಕೆ ಬಂದೇ ಬಿಟ್ಟಿತು. ಎಷ್ಟೋ ವರ್ಷ ಆ ಚಪ್ಪಲಿ ಡಬ್ಬಿಗಳು ಮುಚ್ಚಿಟ್ಟಿದ್ದ ತಪ್ಪು. ಸಲಹೆಗಾರರಿಗೆ ಮಾವನವರ ಮೇಲೆ ಕನಿಕರ ಹುಟ್ಟಿತು. "ಅದು ವಾದ್ಯ ಅಲ್ಲಮ್ಮಾ, ರೂಮಿನ ಗುಂಗು. ಮೂಲೆಗೆ ಸ್ಪಂಜು ಹಾಕಿದ್ರೆ ಆ ಸದ್ದು ಇರೋದೇ ಇಲ್ಲ" ಎಂದರು. ಮಾವನವರು ಅದನ್ನು ತಕ್ಷಣ ಬಾಚಿಕೊಂಡು, "ನೋಡು, ರೂಮಿನ ತಪ್ಪಂತೆ, ಓದಿದವರು ಹೇಳ್ತಿದಾರೆ" ಎಂದು ಅತ್ತೆಯವರ ಮುಂದೆ ಕೈ ಆಡಿಸಿ ಆಡಿಸಿ ತಿಳಿಸಿದರು. ಅತ್ತೆಯವರು ತಿಳಿದುಕೊಂಡು, "ಓಹೋ, ಹಾಗಾದ್ರೆ ಇಲ್ಲೂ ನೀವಿಲ್ಲ ಅನ್ನಿ" ಎಂದು ಕೈಯನ್ನು ಸ್ಪೀಕರಿನ ಮೇಲಿಂದ ತೆಗೆದರು.

ಸಲಹೆಗಾರರು ಅಳತೆಯ ಪಟ್ಟಿ ಬಿಚ್ಚಿ ಮೂಲೆಯ ಅಗಲ ನೋಡುತ್ತಿದ್ದರು. ಮಾವನವರು ಸ್ವಲ್ಪ ಹೊತ್ತು ಆ ಪಟ್ಟಿಯನ್ನೇ ನೋಡಿದರು. ಆಮೇಲೆ, "ಸ್ಪಂಜು ಬೇಡ ಕಣಪ್ಪಾ. ಅದು ರೂಮಲ್ಲ, ನಾನೇ. ಆವತ್ತು ನನ್ನ ಗಮನ ಎಲ್ಲೋ ಇತ್ತು" ಎಂದರು. ಎಲ್ಲಿತ್ತೆಂದು ಅತ್ತೆಯವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಅವರ ಈ ವಾರವೆಲ್ಲ ಕಳೆದಿದೆ.

ಮಾನ್ಯರೇ, ಇಲ್ಲಿಂದ ಮುಂದೆ ನನ್ನ ದೂರುಗಳು. ಗೋಡೆಗೆ ಒರಗಿ ನಿಂತ ಮೇಲೆ ತಮಗೆ ಹೆಚ್ಚಿನ ಬಲ ಬೇಕಾಗಿಲ್ಲ. ಗೋಡೆಯೇ ಅರ್ಧ ಹಾಡುತ್ತದೆ, ಆಂಪ್ಲಿಫೈಯರು ಒಮ್ಮೆಯೂ ಟಪ್ಪೆಂದಿಲ್ಲ, ಹಜಾರದ ನಡುವೆ ನಾವು ಮನುಷ್ಯರಂತೆ ನೇರವಾಗಿ ನಡೆಯುತ್ತಿದ್ದೇವೆ. ಪ್ರತಿಯೊಂದು ಶಾಸ್ತ್ರದ ಪ್ರಕಾರವೂ ತಪ್ಪಾದ ಜಾಗದಲ್ಲಿ ನಿಂತು ಎಲ್ಲರಿಗೂ ಉಪಕಾರವಾಗುವಂತೆ ನಡೆದುಕೊಳ್ಳುವುದು ತಮ್ಮಂಥ ಪ್ರತಿಷ್ಠಿತರಿಗೆ ಶೋಭೆಯೇ? ತಮ್ಮ ಕೃಪೆಯಿಂದ ನಮ್ಮ ಮನೆಯ ಶಾಂತಿ ಸಂಪೂರ್ಣವಾಗಿ ಹಾಳಾಗಿದೆ. ಬಂದ ಪ್ರತಿಯೊಬ್ಬರನ್ನೂ ಅತ್ತೆಯವರು ಮೂಲೆಗೆ ಕರೆದು, "ಬನ್ನಿ, ಇವರು ಎಡವಿದ್ದು ಕೇಳಿಸ್ತೀನಿ" ಎಂದು ಎಡಗಡೆಯವರ ಮೇಲೆ ಕೈಯಿಡಿಸುತ್ತಾರೆ. ಹಾಲು ತಂದವರಿಗೂ ಬಿಡುವಿಲ್ಲ. ಮಾವನವರ ಉತ್ತರ ಕೇಳಬೇಕೆಂದು ಡ್ರಾಯರಿನ ಯಂತ್ರವನ್ನು ತಾವಾಗಿ ತೆಗೆದು ಹಾಕಿಕೊಂಡಿದ್ದಾರೆ, ಅದರ ಜೊತೆಗೆ ನನ್ನ ಪಾತ್ರೆಯ ಸದ್ದೂ ಮತ್ತೆ ಚರ್ಚೆಗೆ ಬಂದಿದೆ. ಕಪಾಟಿನ ಗಾಜು ಗದಗುಟ್ಟುತ್ತದೆ. ಕರಡು ತಿದ್ದಲು ಕುಳಿತರೆ ಅಕ್ಷರಗಳು ನಡುಗುತ್ತವೆ. ನನ್ನ ಹೊಸ್ತಿಲಿನ ಸಂಗೀತವಂತೂ ಹೋಯಿತು. ಆ ಪಿಟೀಲಿನವರ ಉಸಿರು ಎಲ್ಲಿ ಹೋಯಿತೆಂದು ನಾನು ಸೌಟು ಹಿಡಿದು ಇನ್ನೂ ಒಮ್ಮೊಮ್ಮೆ ಅಲ್ಲಿ ನಿಲ್ಲುವುದುಂಟು.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳಿವೆ. ಅತ್ತೆಯವರ ಮೂಲೆಯಲ್ಲಿ ಗುಡುಗಿ, ನನ್ನ ಮೇಜಿನ ಬಳಿ ಮೌನವಾಗಿದ್ದು, ಅಡುಗೆಮನೆಯ ಹೊಸ್ತಿಲಲ್ಲಿ ಮಾತ್ರ ಮೊದಲಿನಂತೆ ಹಾಡಬೇಕು. ಇದು ತಮಗೆ ಅಸಾಧ್ಯವೆಂದು ಸಲಹೆಗಾರರು ಹೇಳುತ್ತಾರೆ, ಆದರೆ ಈ ಮನೆಯ ಸೊಸೆಯಿಂದ ಇದಕ್ಕಿಂತ ಹೆಚ್ಚಿನದನ್ನು ದಿನವೂ ನಿರೀಕ್ಷಿಸಲಾಗಿದೆ. ಯಜಮಾನರು ಕುಳಿತಾಗ ಸರಿಯಾಗಿಯೂ ಅವರ ತಾಯಿ ಕುಳಿತಾಗ ತಪ್ಪಾಗಿಯೂ ಕೇಳಿಸುವ ಸೌಜನ್ಯ ತೋರಬೇಕು. ಅದಾಗದಿದ್ದರೆ ಕೊನೆಯ ಪಕ್ಷ ಅವರ ಮುಖ ನೋಡಿ ಕರಗಬೇಕು. ಪಾಪ, ಅವರು ತಪ್ಪು ಸದ್ದನ್ನು ಸಹಿಸಲಾರರು. ವಾರೆ ಕುಳಿತ ಕನ್ನಡಕವನ್ನು ದಾರಿಯಲ್ಲಿ ಹೋಗುವವರ ಮೂಗಿನ ಮೇಲೆ ಕಂಡರೂ ನಿಲ್ಲಿಸಿ ಸರಿಮಾಡುವವರು. ತಮ್ಮನ್ನು ಹಿಂದಿರುಗಿಸಿ, ಕೋಣೆಗೂ ಆಂಪ್ಲಿಫೈಯರಿಗೂ ಶಾಸ್ತ್ರೋಕ್ತವಾಗಿ ಹೊಂದುವ ಒಂದು ಸಣಕಲು ಜೋಡಿಯನ್ನು ತರಬೇಕೆಂದು ಅವರು ನಿರ್ಧರಿಸಿದ್ದರು. ತಾಯಿಗೆ ಹೇಗೆ ಹೇಳುವುದೆಂದು ತಿಳಿಯದೆ ನನ್ನ ಕೈಯಲ್ಲಿ ಹೇಳಿಸಬೇಕೆಂದೂ ಯೋಚಿಸಿದ್ದರು. ಗಡುವು ನಾಳೆ. ಗಾಡಿ ಬರುವುದಾಗಿ ಹೇಳಿಯಾಗಿತ್ತು.

ಅಂಗಡಿಯವರ ನಿಯಮ ಬಲು ಕಟ್ಟುನಿಟ್ಟು: ತಾವು ಬಂದ ರಟ್ಟಿನ ಪೆಟ್ಟಿಗೆಗಳಲ್ಲೇ ತಾವು ಹೋಗಬೇಕು, ಪೆಟ್ಟಿಗೆಯಿಲ್ಲದೆ ಸ್ವೀಕರಿಸುವುದಿಲ್ಲ. ಯಜಮಾನರು ಇಂದು ಬೆಳಿಗ್ಗೆ ಕನ್ನಡಕದ ಅಂಗಡಿಗೆ ಹೋದ ಮೇಲೆ ನಾನು ಆ ಎರಡೂ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿ, ಚಾಕುವಿನಿಂದ ಸೀಳಿ, ಚಪ್ಪಟೆ ಮಾಡಿ, ರದ್ದಿಯವರ ತಕ್ಕಡಿಗೆ ಹಾಕಿದೆ. ಮಾವನವರು ಹಗ್ಗ ಕಟ್ಟಲು ಸಹಾಯ ಮಾಡಿದರು, ಏಕೆಂದು ಕೇಳಲಿಲ್ಲ. ಅತ್ತೆಯವರು ಕುರ್ಚಿಯಿಂದಲೇ, "ಸರಿಯಾಗಿ ತೂಗ್ತಾನಾ ನೋಡ್ಕೋ" ಎಂದರು.

ಹೊಸ್ತಿಲಿನ ಸಂಗೀತವನ್ನು ತಮಗೇ ಬಿಟ್ಟುಕೊಟ್ಟು, ಗದಗುಟ್ಟುವ ಮೇಜಿನ ಮುಂದೆ ಈ ಪತ್ರವನ್ನು ತಿದ್ದಿ ಮುಗಿಸುತ್ತಿರುವ,

ತಮ್ಮ ವಿಶ್ವಾಸಿ,
ಎಡಗಡೆಯವರ ಪಕ್ಕದ ಕುರ್ಚಿಯಲ್ಲಿ ಕುಳಿತವರ ಸೊಸೆ

ಮರೆತ ಮಾತು: ಪೆಟ್ಟಿಗೆಗಳ ಸುದ್ದಿ ಯಜಮಾನರಿಗೆ ಸಂಜೆ ತಿಳಿಯಿತು. ಹಾಗಿದ್ದರೆ ತಮಗೆ ತಕ್ಕ ಹೊಸ ಆಂಪ್ಲಿಫೈಯರನ್ನೇ ತಂದುಬಿಡೋಣವೆಂದು ಸಲಹೆಗಾರರಿಗೆ ಫೋನ್ ಮಾಡಿದರು. ಅಂಥ ಆಂಪ್ಲಿಫೈಯರಿಗೆ ತಕ್ಕ ಸ್ಪೀಕರುಗಳು ಬೇರೆಯೇ ಇವೆಯೆಂದು ಅವರು ತಿಳಿಸಿದ್ದಾರೆ. ಆದ್ದರಿಂದ ಈ ಮನೆಯಲ್ಲಿ ತಮ್ಮ ಸ್ಥಾನ ಭದ್ರವಾಯಿತೆಂದು ತಾವು ಹೊಟ್ಟೆ ಉಬ್ಬಿಸಿಕೊಳ್ಳಬೇಕಾಗಿಲ್ಲ. ಇಲ್ಲಿ ತಮ್ಮನ್ನು ಕಾಪಾಡಬಲ್ಲವರು ಆ ಮೂಲೆಯ ಕುರ್ಚಿಯವರೊಬ್ಬರೇ, ಅವರ ಕಿವಿಗೆ ಬೀಳುವಂತೆ ನಡೆದುಕೊಳ್ಳಿ.